ರೋಗಿಯ ಧೈರ್ಯ



ಕಾಯಿಲೆ ಬಿದ್ದವರನ್ನು ನೋಡಲು ಹೋದಾಗ ನಾವೆಲ್ಲರೂ ಆಡುವ ಮಾತು ಒಂದುಂಟು: ‘ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತದೆ.’ ಮಾತು ಒಳ್ಳೆಯದೇ. ಆದರೆ ಅದನ್ನು ಹೇಳಿ, ನಾಲ್ಕು ಬಾಳೆಹಣ್ಣು ಇಟ್ಟು ನಾವು ಮನೆಗೆ ಬಂದುಬಿಡುತ್ತೇವೆ. ರಾತ್ರಿಯೆಲ್ಲ ಎಚ್ಚರವಾಗಿರುವವನು ರೋಗಿ. ಆ ಧೈರ್ಯವೆಂದರೇನು, ಅದು ಅವನಿಗೆ ಎಲ್ಲಿಂದ ಬರಬೇಕು, ಇದನ್ನು ಈ ಹೊತ್ತು ವಿಚಾರ ಮಾಡೋಣ.

ಚರಕ ಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಶುಶ್ರೂಷೆ ಮಾಡುವವನು, ರೋಗಿ. ರೋಗಿಗೂ ನಾಲ್ಕು ಗುಣಗಳಿರಬೇಕು: ಸ್ಮೃತಿ, ವೈದ್ಯನು ಹೇಳಿದಂತೆ ನಡೆಯುವುದು, ಅಭೀರುತ್ವ, ತನ್ನ ರೋಗವನ್ನು ತಿಳಿಸಿ ಹೇಳುವ ಜ್ಞಾಪಕತ್ವ. ಅಂಜದಿರುವುದನ್ನೂ ಮುಚ್ಚಿಡದೆ ಹೇಳುವುದನ್ನೂ ಜೊತೆಯಲ್ಲಿಟ್ಟದ್ದು ಎಷ್ಟು ಯುಕ್ತವಾಗಿದೆ ನೋಡಿರಿ! ಅಂಜುವವನು ಬಾಯಿಯ ಹುಣ್ಣನ್ನು ಆರು ತಿಂಗಳು ಮುಚ್ಚಿಡುತ್ತಾನೆ. ಮೂರು ವಾರವಾದರೂ ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸಲೇಬೇಕು. ಹೊಗೆಸೊಪ್ಪು ಹಾಕುವ ನಮ್ಮ ಹಿರಿಯರು ಇದನ್ನು ಕಿವಿಗೆ ಹಾಕಿಕೊಳ್ಳಲಿ.

ಧೈರ್ಯವು ನಾಲ್ಕರಲ್ಲಿ ಒಂದು ಪಾದದ ಒಂದು ಗುಣ. ಅದಷ್ಟರಿಂದಲೇ ಮಂಚ ನಿಲ್ಲುವುದಿಲ್ಲ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಜೇ ಗೂಲ್ಡ್ ಎಂಬ ವಿಜ್ಞಾನಿಗಳಿದ್ದರು. ೧೯೮೨ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಅವರ ಹೊಟ್ಟೆಯ ಒಳಪೊರೆಯಲ್ಲಿ ಅಪರೂಪದ ಕ್ಯಾನ್ಸರ್ ಕಾಣಿಸಿತು. ಗ್ರಂಥಾಲಯದಲ್ಲಿ ಹುಡುಕಿ ಓದಿದರೆ, ರೋಗ ಗೊತ್ತಾದ ಮೇಲೆ ಆಯುಷ್ಯದ ನಡುಬಿಂದು ಎಂಟು ತಿಂಗಳು ಎಂದಿತ್ತು. ನಾವಾದರೆ ‘ಎಂಟು ತಿಂಗಳಿಗೆ ಸಾವು’ ಎಂದು ತಿಳಿದು ಹಾಸಿಗೆ ಹಿಡಿಯುತ್ತಿದ್ದೆವು. ಅವರು ಲೆಕ್ಕ ಬಲ್ಲವರು. ನಡುಬಿಂದುವೆಂದರೆ ಅರ್ಧ ಜನ ಅದಕ್ಕೆ ಈಚೆ, ಅರ್ಧ ಜನ ಆಚೆ. ಆಚೆಯವರಲ್ಲಿ ಕೆಲವರು ಬಹಳ ವರ್ಷ ಬದುಕುತ್ತಾರೆ. ತನಗೆ ವಯಸ್ಸಿದೆ, ರೋಗ ಬೇಗ ತಿಳಿದಿದೆ, ಒಳ್ಳೆಯ ಚಿಕಿತ್ಸೆಯಿದೆ. ಆದುದರಿಂದ ಆಚೆಯ ಸಾಲಿನಲ್ಲಿರಲು ಕಾರಣವುಂಟು ಎಂದು ಕಂಡುಕೊಂಡರು. ಶಸ್ತ್ರಕ್ರಿಯೆ, ಔಷಧ ಎಲ್ಲವನ್ನೂ ಪಡೆದರು. ೧೯೮೫ರಲ್ಲಿ ಈ ಲೆಕ್ಕವನ್ನೇ ಪ್ರಬಂಧವಾಗಿ ಬರೆದರು. ಇಪ್ಪತ್ತು ವರ್ಷ ಬದುಕಿ, ೨೦೦೨ರಲ್ಲಿ ಬೇರೆಯೇ ಒಂದು ಕ್ಯಾನ್ಸರಿನಿಂದ ತೀರಿಕೊಂಡರು. ನಿಜವನ್ನು ಪೂರ್ತಿ ಓದಿದ್ದರಿಂದ ಅವರಿಗೆ ಆಶೆ ಹುಟ್ಟಿತು. ನಮ್ಮ ಮನೆಗಳಲ್ಲಿಯೋ, ರೋಗದ ಹೆಸರನ್ನೇ ರೋಗಿಯಿಂದ ಬಚ್ಚಿಡುತ್ತಾರೆ!

ಹಾಗಾದರೆ ಮನಸ್ಸು ಗಟ್ಟಿಯಾದರೆ ಆಯುಷ್ಯ ಬೆಳೆಯುವುದೋ? ೧೯೮೯ರಲ್ಲಿ ಅಮೆರಿಕದ ವೈದ್ಯರು ಕೆಲವರು ಹಾಗೆ ಭಾವಿಸಿದರು. ಸ್ತನದ ಕ್ಯಾನ್ಸರ್ ಹರಡಿದ ತಾಯಂದಿರನ್ನು ವಾರಕ್ಕೊಮ್ಮೆ ಕೂಡಿಸಿ ಮನಬಿಚ್ಚಿ ಮಾತಾಡಿಸಿದರೆ, ಅವರು ಹೆಚ್ಚು ಕಾಲ ಬದುಕಿದರಂತೆ. ಆದರೆ ಕೆನಡಾದಲ್ಲಿ ೨೩೫ ತಾಯಂದಿರ ಮೇಲೆ ಅದನ್ನೇ ಪರೀಕ್ಷಿಸಿ ೨೦೦೧ರಲ್ಲಿ ಪ್ರಕಟಿಸಿದಾಗ, ಆಯುಷ್ಯ ಬೆಳೆದಿರಲಿಲ್ಲ. ಮನಸ್ಸಿನ ಸಂಕಟವೂ ದೇಹದ ನೋವೂ ಕಡಿಮೆಯಾಗಿದ್ದವು. ಇದು ಸಣ್ಣ ಫಲವೆಂದು ಯಾರೂ ತಿಳಿಯಬಾರದು. ನೋವುಂಡವರನ್ನು ಕೇಳಿರಿ.

ಹೀಗಿದ್ದೂ, ಯಾರಾದರೂ ತೀರಿಕೊಂಡರೆ ‘ಧೈರ್ಯ ಸಾಲಲಿಲ್ಲ’, ‘ಭಕ್ತಿ ಸಾಲಲಿಲ್ಲ’ ಎನ್ನುವವರುಂಟು. ಮಠದ ಜಗುಲಿಯ ಮೇಲೆಯೇ ಈ ಮಾತು ನಮ್ಮ ಕಿವಿಗೆ ಬಿದ್ದಿದೆ. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳು, ‘ಬುದ್ಧೀ, ನನ್ನ ಪೂಜೆಯಲ್ಲಿ ಏನು ಕೊರತೆಯಾಯಿತು?’ ಎಂದು ಕೇಳಿದಳು. ಏನೂ ಆಗಿಲ್ಲ ತಾಯೀ, ರೋಗ ದೊಡ್ಡದಿತ್ತು ಎಂದೆವು. ಸತ್ತವನ ಮೇಲೆ ತಪ್ಪು ಹೊರಿಸುವುದು ಕ್ರೌರ್ಯ. ಅದನ್ನು ಈ ಮಠದಲ್ಲಿ ಆಡಕೂಡದು.

ಭಸ್ಮ ಕೇಳಿ ಬಂದವರಿಗೆ ಕೊಡುತ್ತೇವೆ. ವೈದ್ಯರು ಬರೆದ ಮಾತ್ರೆ ನುಂಗಿದಿರಾ ಎಂದೂ ಕೇಳುತ್ತೇವೆ. ಇನ್ನು ನೀವು ಆಸ್ಪತ್ರೆಗೆ ಹೋದಾಗ ಅರ್ಧ ಗಂಟೆ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅವನಿಗೆ ಅಳು ಬಂದರೆ ಅಳಲಿ, ತಡೆಯಬೇಡಿರಿ. ಹಸು ಈಯಿತೇ, ಹೊಲಕ್ಕೆ ಮಳೆ ಬಿತ್ತೇ ಎಂದು ಕೇಳಿದರೆ, ಸಾವಕಾಶವಾಗಿ, ವಿವರವಾಗಿ ಹೇಳಿರಿ.