ಮಣ್ಣಿನ ಮಾದರಿಗೆ ಊರಿನವರ ಕೈ



ಮಣ್ಣು ಪರೀಕ್ಷೆ ಮಾಡಿಸಿಯೂ ಬೆಳೆ ಏಳಲಿಲ್ಲವೆಂದು ದೂರುವವರನ್ನು ಬಹಳ ಕಂಡಿದ್ದೇನೆ. ಎಷ್ಟೋ ಸಲ ತಪ್ಪು ಆಗಿರುವುದು ಮಾದರಿ ತೆಗೆಯುವಾಗಲೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಂದು ಹೊಲದ ಮೂಲೆಯಿಂದ ಮಣ್ಣು ತಂದು, ಗೊಬ್ಬರ ಕಡಿಮೆ ಸಾಕೆಂದು ಬರೆದುಕೊಟ್ಟೆ. ರಾಗಿ ಸೊರಗಿತು. ಆ ಮೂಲೆ ಹಿಂದೆ ತಿಪ್ಪೆಯಿದ್ದ ಜಾಗವೆಂದು ಮನೆಯ ಅಜ್ಜಿ ಹೇಳಿದ್ದು ಆಮೇಲೆ. ನಷ್ಟ ಅವರದು, ಸಂಬಳ ನನ್ನದು!

2009ರಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿ ಸ್ಥಳೀಯರನ್ನೇ ರೈತ ಅನುವುಗಾರರನ್ನಾಗಿ ತರಬೇತುಗೊಳಿಸಲಾಯಿತು. ಮಳೆಯಾಶ್ರಿತ ಹೊಲಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆಯಿರುವುದನ್ನು ಹಳ್ಳಿಯ ಗೋಡೆಗಳ ಮೇಲೆ ಬರೆಸಿ ತಿಳಿಸಲಾಯಿತು. ಯೋಜನೆ ಮುಗಿದು ಜೀಪು ಹೊರಟ ಮೇಲೂ ಊರಿನಲ್ಲಿ ಉಳಿಯುವುದು ಇಂಥವರ ಕೈಯ ವಿದ್ಯೆ.

ಆದ್ದರಿಂದ ನಿಮ್ಮೂರಿನ ಇಬ್ಬರನ್ನು ತರಬೇತಿಗೆ ಆರಿಸಿರಿ, ಒಬ್ಬರು ಹೆಣ್ಣುಮಗಳಾಗಿರಲಿ. ಫಲಿತಾಂಶದ ಚೀಟಿಯನ್ನು ಓದಿ ಹೇಳುವಷ್ಟು ಅಕ್ಷರ ಬಂದರೆ ಸಾಕು, ಊರು ಬಿಡುವ ಯೋಚನೆ ಇರಬಾರದು. ಪಾಠ ಹೊಲದಲ್ಲೇ ನಡೆಯಲಿ. ಕುರ್ಚಿಯಲ್ಲಿ ಕುಳಿತು ಕೇಳಿದ್ದು, ನನ್ನ ಈ ಭಾಷಣವೂ ಸೇರಿ, ಮನೆ ಮುಟ್ಟುವುದರೊಳಗೆ ಮರೆತುಹೋಗುತ್ತದೆ.

ಬದು, ಮರದ ನೆರಳು, ತಿಪ್ಪೆಯ ಜಾಗ ಬಿಟ್ಟು, ಹೊಲದ 10 ಕಡೆ ಇಂಗ್ಲಿಷಿನ 'ವಿ' ಅಕ್ಷರದಂತೆ 6 ಅಂಗುಲ ಆಳದ ಗುಂಡಿ ತೋಡಿ, ಅದರ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದಲ್ಲಿ ಮಣ್ಣು ಕೆರೆಯಬೇಕು. ಎಲ್ಲವನ್ನೂ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕುತ್ತ ಅರ್ಧ ಕಿಲೋಗ್ರಾಮಿಗೆ ಇಳಿಸಿ ನೆರಳಿನಲ್ಲಿ ಒಣಗಿಸಬೇಕು. ಗೊಬ್ಬರದ ಹಳೆಯ ಚೀಲಕ್ಕೆ ಮಾತ್ರ ತುಂಬಬೇಡಿ.

ಹಾಂ, ಗುದ್ದಲಿ ಹಾಕುವ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿರಿ.