ದಾಖಲೆ ಉಳಿಯುವುದು ಎಲ್ಲಿ?

(ವಾಚನಾಲಯದಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಬಂದವರಿಗೆ ಕಾಗದಪತ್ರವೇ ಅರ್ಧ ಆಸ್ತಿ. ಶಾಲೆಯ ಸರ್ಟಿಫಿಕೇಟು, ಜಾತಿ ಪ್ರಮಾಣಪತ್ರ, ಹೊಲದ ಪಹಣಿ ಇವುಗಳಲ್ಲಿ ಒಂದು ಕೈತಪ್ಪಿದರೂ ರಜೆ ಹಾಕಿ ರೈಲು ಹತ್ತಬೇಕಾಗುತ್ತದೆ. ಬ್ಲಾಕ್‌ಚೈನ್‌ನಲ್ಲಿ ಇಟ್ಟ ದಾಖಲೆ ಎಂದಿಗೂ ಅಳಿಯದೆಂಬ ಮಾತು ಈಚೆಗೆ ಕೇಳಿಬರುತ್ತಿದೆ. ಅದರಲ್ಲಿ ನಿಜವೆಷ್ಟು ಎಂಬುದನ್ನು, ಹಣ ಕೊಡುವುದಕ್ಕೆ ಮೊದಲೇ ನಾವು ವಿಚಾರಿಸುವುದು ಒಳ್ಳೆಯದು.

ಗುಮಾಸ್ತರಿಗೆ ಇದರ ಮೂಲತತ್ತ್ವ ಹೊಸದಲ್ಲ. ಲೆಕ್ಕದ ಪುಸ್ತಕದಲ್ಲಿ ಒಂದು ಪುಟದ ಮೊತ್ತವನ್ನು ಮುಂದಿನ ಪುಟದ ತಲೆಗೆ ಎತ್ತಿ ಬರೆಯುತ್ತೇವಷ್ಟೆ. ಹಿಂದಿನ ಪುಟವನ್ನು ಯಾರಾದರೂ ತಿದ್ದಿದರೆ ಮುಂದಿನ ಲೆಕ್ಕ ತಾಳೆಯಾಗದು. ಬ್ಲಾಕ್‌ಚೈನ್‌ನಲ್ಲಿಯೂ ಪ್ರತಿಯೊಂದು ಪುಟ ಹಿಂದಿನ ಪುಟದ ಗುರುತನ್ನು ಹೊತ್ತಿರುತ್ತದೆ. ಈ ಗುರುತಿಗೆ ಹ್ಯಾಶ್ ಎಂದು ಹೆಸರು. ಫೈಲು ಎಷ್ಟೇ ದೊಡ್ಡದಿರಲಿ, ಎಸ್‌ಎಚ್‌ಎ-256 ಎಂಬ ಗಣಿತಕ್ರಮ ಅದರಿಂದ 64 ಅಕ್ಷರ-ಅಂಕಿಗಳ ಗುರುತೊಂದನ್ನು ತೆಗೆಯುತ್ತದೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಗುರುತು ಬೇರೆಯಾಗುತ್ತದೆ. ಗುರುತುಗಳನ್ನು ಹೀಗೆ ಸರಪಣಿಯಾಗಿ ಹೆಣೆಯುವ ಕ್ರಮವನ್ನು 1991ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟಾ ಪ್ರಕಟಿಸಿದರು. 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಆರಂಭವಾಯಿತು. ಅದರ ಲೆಕ್ಕದ ಪುಸ್ತಕದ ಪ್ರತಿಗಳು ಇಂದು ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿವೆ. ಒಬ್ಬನು ತನ್ನ ಪ್ರತಿಯನ್ನು ತಿದ್ದಿದರೆ ಉಳಿದವರು ಒಪ್ಪರು.

ಆದರೆ ಇದು ಸಾಕ್ಷಿಯ ಪುಸ್ತಕವೇ ಹೊರತು ಉಗ್ರಾಣವಲ್ಲ. ಬರೆದದ್ದನ್ನೆಲ್ಲ ಅಷ್ಟು ಮಂದಿಯೂ ಇಟ್ಟುಕೊಳ್ಳಬೇಕಾದುದರಿಂದ ಅಲ್ಲಿ ಜಾಗ ಬಹಳ ತುಟ್ಟಿ. ಹ್ಯಾಶನ್ನು ಮಾತ್ರ ಅಲ್ಲಿ ಬರೆದು, ಫೈಲನ್ನು ಬೇರೆಡೆ ಇಡುವುದು ವಾಡಿಕೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಏಟಾಪಲ್ಲಿಯಲ್ಲಿ 2022ರಲ್ಲಿ ಜಾತಿ ಪ್ರಮಾಣಪತ್ರಗಳನ್ನು ಬ್ಲಾಕ್‌ಚೈನಿಗೆ ಜೋಡಿಸುವ ಯೋಜನೆ ಕೈಗೊಂಡದ್ದೂ ಮುಖ್ಯವಾಗಿ ನಕಲಿ ಪತ್ರಗಳನ್ನು ತಡೆಯುವುದಕ್ಕಾಗಿಯೇ.

ಬೇರೆಡೆ ಎಂದರೆ ಎಲ್ಲಿ? ಅದಕ್ಕೊಂದು ದಾರಿ, ಹುವಾನ್ ಬೆನೆಟ್ ರೂಪಿಸಿದ, 2015ರಲ್ಲಿ ಬಳಕೆಗೆ ಬಂದ ಐಪಿಎಫ್‌ಎಸ್. ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಅಲ್ಲಿ ಕೇಳುವುದಿಲ್ಲ; ಈ ಗುರುತಿನ ಪುಸ್ತಕ ಯಾರ ಬಳಿ ಉಂಟು ಎಂದು ಕೇಳುತ್ತಾರೆ. ಯಾರು ಕೊಟ್ಟರೂ ಸರಿ, ಗುರುತು ತಾಳೆಯಾದರೆ ಸಾಕು. 2017ರಲ್ಲಿ ತುರ್ಕಿ ಸರಕಾರ ವಿಕಿಪೀಡಿಯವನ್ನು ತಡೆಹಿಡಿದಾಗ, ತುರ್ಕಿ ಭಾಷೆಯ ವಿಕಿಪೀಡಿಯದ ಪ್ರತಿಯೊಂದನ್ನು ಈ ದಾರಿಯಲ್ಲಿ ಒದಗಿಸಿದರು.

ಯಾರೂ ಇಟ್ಟುಕೊಳ್ಳದ ಪುಸ್ತಕ ಮಾತ್ರ ಎಲ್ಲಿಂದಲೂ ಬಾರದು. ಎಲ್ಲರೂ ಕೈಬಿಟ್ಟರೆ ಬ್ಲಾಕ್‌ಚೈನ್‌ನಲ್ಲಿ ಗುರುತು ಉಳಿದೀತು, ಫೈಲು ಉಳಿಯದು. 2020ರಲ್ಲಿ ಆರಂಭವಾದ ಫೈಲ್‌ಕಾಯಿನ್, ಫೈಲು ಇಟ್ಟುಕೊಳ್ಳುವವರಿಗೆ ಬಾಡಿಗೆ ಕೊಡುವ ವ್ಯವಸ್ಥೆ. ಕರಾರಿನ ಅವಧಿ ಮುಗಿದ ಮೇಲೆ ಅವರಿಗೆ ಯಾವ ಹೊಣೆಯೂ ಇಲ್ಲ.

ಇನ್ನು ಕೆಲವು ಎಚ್ಚರಿಕೆಗಳು. ಫೈಲು ಬದಲಾಗಿಲ್ಲವೆಂದು ಹ್ಯಾಶ್ ಸಾಕ್ಷಿ ಹೇಳೀತು. ಅದರೊಳಗಿನ ಮಾತು ಸತ್ಯವೆಂದು ಹೇಳಲಾರದು. ಗೂಢಲಿಪಿಗೆ ಇಳಿಸದೆ ಸಾರ್ವಜನಿಕ ಜಾಲದಲ್ಲಿಟ್ಟ ಆಧಾರ್ ಪ್ರತಿಯನ್ನು ಅದರ ಗುರುತು ತಿಳಿದ ಯಾರಾದರೂ ತೆಗೆದುಕೊಳ್ಳಬಹುದು. ಹರಡಿದ ಮೇಲೆ ಹಿಂದಕ್ಕೆ ಪಡೆಯುವುದು ಅಸಾಧ್ಯವೆಂದೇ ಹೇಳಬೇಕು. ಗೂಢಲಿಪಿಯಲ್ಲಿಟ್ಟು ಅದರ ಕೀಲಿಯನ್ನು ಕಳೆದುಕೊಂಡರೆ, ಅರ್ಜಿ ಬರೆದು ಬೇರೊಂದು ಪಡೆಯಲು ಅಲ್ಲಿ ಕಚೇರಿಯೂ ಇಲ್ಲ, ಮೇಲಧಿಕಾರಿಯೂ ಇಲ್ಲ.

ಆದುದರಿಂದ, ನಿಮ್ಮ ದಾಖಲೆ ಶಾಶ್ವತವಾಗಿ ಉಳಿಯುವುದೆಂದು ಹೇಳಿ ಯಾರಾದರೂ ಹಣ ಕೇಳಿದರೆ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಫೈಲು ಯಾರ ಬಳಿ ಇರುತ್ತದೆ? ಎಷ್ಟು ಪ್ರತಿಗಳು? ಎಷ್ಟು ವರ್ಷ? ಆ ಮೇಲಿನ ಬಾಡಿಗೆ ಯಾರದು? ಉತ್ತರ ಏನೇ ಬರಲಿ, ಮೂಲಪತ್ರ ನಿಮ್ಮ ಪೆಟ್ಟಿಗೆಯಲ್ಲಿರಲಿ, ಒಂದು ನಕಲು ಊರಿನ ಮನೆಯಲ್ಲಿರಲಿ. ಹಲವು ಕಡೆ ಪ್ರತಿ ಇಡುವ ಈ ವಿವೇಕಕ್ಕೆ ಯಂತ್ರವೂ ಬೇಡ, ಬಾಡಿಗೆಯೂ ಬೇಡ.