ವಿದ್ಯಾದಾನವೂ ಕಂಕುಳ ಕೂಸೂ
(ಆಲ್ದೂರಿನಲ್ಲಿ ನೀಡಿದ ಆಶೀರ್ವಚನ)



ಆಲ್ದೂರಿನ ಸದ್ಭಕ್ತರು ನಮಗೆ ವಿದ್ಯಾದಾನದ ಮಹಿಮೆ ಎಂಬ ವಿಷಯವನ್ನು ಕೊಟ್ಟಿದ್ದೀರಿ. ಮಹಿಮೆಯನ್ನು ಹೇಳುತ್ತಾ ಹೋದರೆ ಈ ರಾತ್ರಿ ಸಾಲದು, ಕೇಳುವವರಿಗೆ ನಿದ್ರೆಯೂ ಬಂದೀತು. ಆದಕಾರಣ ಮಹಿಮೆಯನ್ನು ಬದಿಗಿಟ್ಟು ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ. ಪಟ್ಟಣದಲ್ಲಿ ಬೀದಿಗೊಂದು ಶಾಲೆ ಇದೆ. ಆದರೂ ಪಟ್ಟಣದ ಬಡವರ ಮಗು ಶಾಲೆಯ ಹೊರಗೆ ಏಕೆ ಉಳಿಯುತ್ತದೆ? ಕಾಫಿ ಸೀಮೆಯಲ್ಲಿ ಕುಳಿತು ಪಟ್ಟಣದ ಮಾತೇಕೆ ಬುದ್ಧೀ ಎಂದು ನೀವು ಕೇಳಬಹುದು. ಅದು ಇಲ್ಲಿಗೂ ಬರುತ್ತದೆ, ಸ್ವಲ್ಪ ತಾಳಿಕೊಳ್ಳಿ.

ಬೆಂಗಳೂರಿನಲ್ಲಿ ಏಳುತ್ತಿರುವ ಒಂದು ಕಟ್ಟಡವನ್ನು ಮನಸ್ಸಿಗೆ ತಂದುಕೊಳ್ಳಿ. ಪಕ್ಕದಲ್ಲಿ ತಗಡಿನ ಶೆಡ್ಡುಗಳ ಸಾಲು. ತಂದೆ ಕಂಬಿ ಕಟ್ಟುತ್ತಾನೆ, ತಾಯಿ ಮರಳು ಹೊರುತ್ತಾಳೆ. ಒಂಬತ್ತು ವರ್ಷದ ಹಿರಿಮಗಳು ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಶೆಡ್ಡು ಕಾಯುತ್ತಾಳೆ. ಶಾಲೆ ಎರಡು ಬೀದಿಯಾಚೆ ಇದೆ. ಶುಲ್ಕವಿಲ್ಲ; ಪುಸ್ತಕವೂ ಸಮವಸ್ತ್ರವೂ ಸರ್ಕಾರದ್ದು. ಆದರೆ ಕಂಕುಳ ಕೂಸನ್ನು ಯಾರ ಕೈಗೆ ಕೊಟ್ಟು ಹೋಗಬೇಕು? ಹೇಗೋ ಹೋದಳೆನ್ನಿ. ಕಟ್ಟಡ ಮುಗಿಯುತ್ತಲೂ ಶೆಡ್ಡು ಕಿತ್ತು ಇನ್ನೊಂದು ಬಡಾವಣೆಗೆ ಹೋಗಬೇಕು. ಅಲ್ಲಿ ಹೊಸ ಶಾಲೆ, ಹೊಸ ಮೇಷ್ಟರು, "ಟಿ.ಸಿ. ಎಲ್ಲಮ್ಮಾ?" ಎಂಬ ಪ್ರಶ್ನೆ. ಎರಡು ಸಲ ಹೀಗಾದರೆ ಮೂರನೆಯ ಸಲ ಯಾವ ಮಗು ಹೋದೀತು?

ಇದನ್ನು ಕಂಡು, "ಅವರಿಗೆ ಓದಿಸುವ ಆಸೆಯೇ ಇಲ್ಲ" ಎನ್ನುವವರುಂಟು. ನಾವು ಈ ಮಾತನ್ನು ಒಪ್ಪುವುದಿಲ್ಲ. ಕೂಲಿ ಮಾಡುವ ಯಾವ ತಾಯಿಯನ್ನಾದರೂ ಕೇಳಿ ನೋಡಿ, ನನ್ನ ಬಾಳು ನನ್ನ ಮಗಳಿಗೆ ಬೇಡ ಎನ್ನುತ್ತಾಳೆ. ಆಸೆಗೆ ಕೊರತೆಯಿಲ್ಲ, ಆಸರೆಗೆ ಕೊರತೆ.

ನಮ್ಮ ಹಿರಿಯರು ಈ ಮರ್ಮವನ್ನು ಬಲ್ಲವರಾಗಿದ್ದರು. ಗುಬ್ಬಿಯ ತೋಟದಪ್ಪನವರು ವ್ಯಾಪಾರಸ್ಥರು, ಮಕ್ಕಳಿರಲಿಲ್ಲ. ಗಳಿಸಿದ್ದನ್ನು ಧರ್ಮಕ್ಕೆ ಹಾಕಿದರು. ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ ಅವರು ಕಟ್ಟಿಸಿದ ಛತ್ರ ೧೯೦೩ರಲ್ಲಿ ಆರಂಭವಾಯಿತು. ಅವರ ಧರ್ಮಸಂಸ್ಥೆಯಿಂದ ಯಾತ್ರಿಕರಿಗೆ ಮಾತ್ರವಲ್ಲ, ಓದಲು ಬಂದ ಹುಡುಗರಿಗೂ ಇರುವುದಕ್ಕೆ ಸ್ಥಳ ದೊರೆಯಿತು. ಆ ಕಾಲಕ್ಕೆ ಕಾಲೇಜು ಇದ್ದದ್ದೇ ಕೆಲವು ಪಟ್ಟಣಗಳಲ್ಲಿ. ಹಳ್ಳಿಯ ಹುಡುಗನಿಗೆ ಬುದ್ಧಿಯಿದ್ದರೂ ರಾತ್ರಿ ಮಲಗುವುದೆಲ್ಲಿ? ತೋಟದಪ್ಪನವರು ಪಾಠ ಹೇಳಲಿಲ್ಲ, ಚಾಪೆ ಹಾಸುವಷ್ಟು ಜಾಗ ಕೊಟ್ಟರು. ಅಷ್ಟರಿಂದ ಎಷ್ಟು ಮನೆತನಗಳು ಮೇಲೆ ಬಂದವು!

ಸಿದ್ಧಗಂಗೆಯ ವಿಚಾರ ನಿಮಗೆಲ್ಲ ತಿಳಿದದ್ದೇ. ಪೂಜ್ಯ ಶಿವಕುಮಾರ ಸ್ವಾಮಿಗಳವರು ೧೯೩೦ರಲ್ಲಿ ವಿರಕ್ತಾಶ್ರಮ ಪಡೆದವರು, ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾಗುವ ಪರ್ಯಂತ ಮಕ್ಕಳ ಅನ್ನದ ಚಿಂತೆಯನ್ನೇ ತಪಸ್ಸೆಂದು ಮಾಡಿದರು. ಸುಮಾರು ಹತ್ತು ಸಾವಿರ ಮಕ್ಕಳಿಗೆ ಅಲ್ಲಿ ಊಟ, ವಸತಿ, ವಿದ್ಯೆ. ಜಾತಿ ಮತಗಳ ಕಟ್ಟಳೆಯಿಲ್ಲ. ನಾವು ಗಮನಿಸಬೇಕಾದದ್ದು ಆ ಕ್ರಮವನ್ನು. ಮೊದಲು ಊಟ, ಆಮೇಲೆ ವಸತಿ, ಅದರ ಹಿಂದೆ ವಿದ್ಯೆ. ಬರಿಯ ವಿದ್ಯೆಯನ್ನಷ್ಟೇ ಕೊಡುತ್ತೇವೆ ಎಂದಿದ್ದರೆ ಆ ಮಕ್ಕಳಲ್ಲಿ ಬಹುಪಾಲು ಗುಡ್ಡದ ಬುಡಕ್ಕೂ ಬರುತ್ತಿರಲಿಲ್ಲ.

ಸರ್ಕಾರವೂ ತಡವಾಗಿಯಾದರೂ ಈ ದಾರಿಗೆ ಬಂತು. ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೦೧ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿ ೨೦೦೨ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಬಿಸಿಯೂಟ ಮೊದಲಾಯಿತು. ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಶರಣರ ಮಾತು ಸರ್ಕಾರದ ಕಡತಕ್ಕೆ ಸೇರಿದ್ದು ನಮಗೆ ಸಂತೋಷ. ೨೦೧೩ರಿಂದ ಹಾಲೂ ಬಂತು. ಮಧ್ಯಾಹ್ನದ ಊಟ ಮಗುವಿನ ಹೊಟ್ಟೆಗೆ ಮಾತ್ರ ಅಲ್ಲ, ತಾಯಿಯ ಲೆಕ್ಕಕ್ಕೂ ಸೇರುತ್ತದೆ. ದೂರದ ಬ್ರೆಜಿಲ್ ದೇಶದವರು ೧೯೯೫ರಲ್ಲಿ ತಮ್ಮ ರಾಜಧಾನಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಕ್ಕಳನ್ನು ತಪ್ಪದೆ ಶಾಲೆಗೆ ಕಳಿಸುವ ಬಡ ಸಂಸಾರಕ್ಕೆ ತಿಂಗಳು ತಿಂಗಳು ಹಣ ಕೊಟ್ಟರು. ಮಗುವಿನ ಕೂಲಿ ತಪ್ಪಿದರೆ ಮನೆಗೆ ಆಗುವ ನಷ್ಟವನ್ನು ಅವರು ಅಲ್ಲಗಳೆಯಲಿಲ್ಲ, ತುಂಬಿಕೊಟ್ಟರು.

ಇನ್ನು ಕಂಕುಳ ಕೂಸಿನ ವಿಚಾರ. ಹಿರಿಯಕ್ಕ ಓದಬೇಕಾದರೆ ಕಿರಿಯ ತಮ್ಮನಿಗೆ ಒಂದು ನೆಲೆ ಬೇಕು. ೧೯೭೫ರ ಅಕ್ಟೋಬರ್ ೨ರಂದು ಟಿ. ನರಸೀಪುರದಲ್ಲಿ ನಮ್ಮ ರಾಜ್ಯದ ಅಂಗನವಾಡಿಗಳು ಶುರುವಾದವು. ಜನ ಅದನ್ನು ಹಿಟ್ಟು ಕೊಡುವ ಮನೆ ಎಂದು ತಿಳಿದರು. ನಾವು ಅದನ್ನು ಅಕ್ಕನ ಶಾಲೆ ಎನ್ನುತ್ತೇವೆ. ತಮ್ಮ ಅಂಗನವಾಡಿಗೆ ಹೋದ ದಿನ ಅಕ್ಕನ ಕೈಗೆ ಸ್ಲೇಟು ಬರುತ್ತದೆ. ನಗರದ ಶೆಡ್ಡುಗಳ ಹತ್ತಿರ ಇಂಥ ನೆಲೆಗಳು ಸಾಲದು. ಇರುವಲ್ಲಿಯೂ ತಾಯಿ ಕೆಲಸ ಬಿಟ್ಟು ಬರುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ.

ಓದಿದರೆ ಆ ಹುಡುಗಿಗೆ ಏನು ಸಿಕ್ಕುತ್ತದೆ? ಎಲ್ಲರೂ ನೌಕರಿ ಎನ್ನುತ್ತಾರೆ. ನೌಕರಿ ಸಿಕ್ಕಲೂಬಹುದು, ಸಿಕ್ಕದೆಯೂ ಇರಬಹುದು. ಎಸ್.ಎಸ್.ಎಲ್.ಸಿ. ಪಾಸಾಗಿ ಗಾರೆ ಕೆಲಸಕ್ಕೆ ಹೋಗುವ ಹುಡುಗರೂ ಇದ್ದಾರೆ. ಆದರೆ ಮೇಸ್ತ್ರಿ ಬರೆದ ದಿನದ ಲೆಕ್ಕವನ್ನು ಆಕೆ ತಾನೇ ಓದುತ್ತಾಳೆ, ಓದಿ ರುಜು ಹಾಕುತ್ತಾಳೆ. ಔಷಧದ ಶೀಸೆಯ ಮೇಲಿನ ತಾರೀಖು ನೋಡುತ್ತಾಳೆ. ಶಾಲೆಯಲ್ಲಿರುವ ಹುಡುಗಿಗೆ ಮದುವೆಯ ಮಾತು ತಡವಾಗಿ ಬರುತ್ತದೆ. ಓದಿದ ತಾಯಂದಿರ ಹಸುಗೂಸುಗಳು ಸಾಯುವುದು ಕಡಿಮೆ ಎಂಬುದನ್ನು ನಮ್ಮ ದೇಶದ ಕುಟುಂಬ ಆರೋಗ್ಯ ಸಮೀಕ್ಷೆಗಳು ೧೯೯೨-೯೩ರಿಂದಲೂ ಹೇಳುತ್ತಿವೆ. ಒಂದು ಕೂಸು ಬದುಕುವುದಕ್ಕಿಂತ ದೊಡ್ಡ ನೌಕರಿ ಯಾವುದಪ್ಪಾ?

ಈಗ ಆಲ್ದೂರಿಗೆ ಬರೋಣ. ಪಟ್ಟಣದ ಶೆಡ್ಡಿನಲ್ಲಿರುವ ಸಂಸಾರವೂ ನಿಮ್ಮ ತೋಟದ ಲೈನಿನಲ್ಲಿರುವ ಸಂಸಾರವೂ ಬೇರೆಯಲ್ಲ. ಬಯಲುಸೀಮೆಯಿಂದ, ಈಚೆಗೆ ಅಸ್ಸಾಮಿನಿಂದಲೂ ಜನ ಕುಯ್ಲಿಗೆ ಬರುತ್ತಾರೆ. ಅರೇಬಿಕ ಹಣ್ಣಾಗುವುದು ನವೆಂಬರಿನ ಹೊತ್ತಿಗೆ, ಅದು ಮುಗಿಯುತ್ತಿದ್ದಂತೆ ರೊಬಸ್ಟ. ಶಾಲೆಯ ವರ್ಷದ ನಟ್ಟನಡುವಿನ ಕಾಲ! ಊರಿನ ಶಾಲೆ ಬಿಟ್ಟು ಬಂದ ಮಗು ಇಲ್ಲಿ ನಾಲ್ಕು ತಿಂಗಳು ಬುಟ್ಟಿಯ ಪಕ್ಕದಲ್ಲಿ ಕಳೆಯುತ್ತದೆ. ಹಿಂದಿರುಗಿದಾಗ ಜೊತೆಯವರು ಮುಂದಾಗಿರುತ್ತಾರೆ. ಇನ್ನೆರಡು ವರ್ಷಕ್ಕೆ ಅದೇ ಮಗು ಬೆಂಗಳೂರಿನ ಬಸ್ಸು ಹತ್ತಿ ಯಾವುದೋ ಶೆಡ್ಡು ಸೇರುತ್ತದೆ. ಪಟ್ಟಣದ ಬಡತನಕ್ಕೆ ನಮ್ಮ ಬೆಟ್ಟದಿಂದಲೂ ಒಂದು ದಾರಿ ಇದೆ ಎಂದು ಹೇಳಿದರೆ ತೋಟದವರು ಬೇಸರಪಟ್ಟುಕೊಳ್ಳಬಾರದು.

ಕೂಲಿಗಾರರ ಮಕ್ಕಳಿಗೆ ಶಿಶುಗೃಹ, ಶಾಲೆಗಳ ಮಾತನ್ನು ೧೯೫೧ರ ತೋಟಗಾರಿಕಾ ಕಾರ್ಮಿಕರ ಕಾನೂನೇ ಎತ್ತಿತ್ತು. ದೊಡ್ಡ ಎಸ್ಟೇಟುಗಳಿಗೆ ಅದು ಅನ್ವಯಿಸಿತು, ಸಣ್ಣ ಹಿಡುವಳಿಗಳು ಹೊರಗುಳಿದವು. ಕಾನೂನು ಮುಟ್ಟದ ಕಡೆ ಧರ್ಮ ಮುಟ್ಟಬೇಕು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿದೆ. ಟಿ.ಸಿ. ತಡವಾಯಿತೆಂದು, ಜನನ ಪತ್ರವಿಲ್ಲವೆಂದು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದದ್ದನ್ನು ಬೇರೆಯಾಗಿ ಕಲಿಸಬೇಕು. ಇದು ಲೈನಿನ ತಾಯಂದಿರಿಗೆ ಗೊತ್ತಿಲ್ಲ. ರೈಟರಿಗೆ ಗೊತ್ತಿದ್ದರೆ ಸಾಕು, ಅವರು ಹೇಳಬಹುದು. ಕನ್ನಡ ಬಾರದ ಮಗು ಏನು ಕಲಿತೀತು ಎನ್ನಬೇಡಿ. ಮಕ್ಕಳಿಗೆ ಭಾಷೆ ಬರುವುದು ಆಟದ ಬಯಲಿನಲ್ಲಿ. ಒಂದು ಕುಯ್ಲು ಮುಗಿಯುವುದರೊಳಗೆ ನಿಮ್ಮ ಮಕ್ಕಳಿಗೇ ನಾಲ್ಕು ಮಾತು ಅಸ್ಸಾಮಿ ಬಂದರೂ ಬಂತು!

ಆ ಕಾಯಿದೆ ಹದಿನಾಲ್ಕು ವರ್ಷಕ್ಕೆ ನಿಲ್ಲುತ್ತದೆ. ಹುಡುಗಿಯನ್ನು ಬಿಡಿಸುವುದೂ ಸರಿಯಾಗಿ ಅದೇ ವಯಸ್ಸಿಗೆ. ಅಲ್ಲಿಂದ ಮುಂದಕ್ಕೆ ಹಾಸ್ಟೆಲು ಬೇಕು, ಅಕ್ಕಿ ಬೇಕು. ಮಠಕ್ಕೆ ಕಮಾನು ಕಟ್ಟಿಸುತ್ತೇವೆಂದು ಕೆಲವರು ಬಂದಿದ್ದಿರಿ. ಕಮಾನು ಬೇಡ. ಆ ಹಣದಲ್ಲಿ ಚಿಕ್ಕಮಗಳೂರಿನಲ್ಲಿ ಓದುವ ಕೂಲಿಯವರ ಹೆಣ್ಣುಮಕ್ಕಳಿಗೆ ವರ್ಷದ ಊಟ ನಡೆಯಲಿ.

ಶಾಲೆಯ ಹೆಡ್‌ಮಾಸ್ತರರು ಇಲ್ಲೇ ಮುಂದೆ ಕುಳಿತಿದ್ದಾರೆ. ಪ್ರಸಾದವಾದ ಮೇಲೆ ತೋಟದವರು ತಮ್ಮ ಲೈನಿನಲ್ಲಿ ಆರು ವರ್ಷ ತುಂಬಿದ ಮಕ್ಕಳು ಎಷ್ಟು, ಕಂಕುಳ ಕೂಸುಗಳು ಎಷ್ಟು ಎಂಬುದನ್ನು ಅವರಿಗೆ ಬರೆಸಿ ಹೋಗಿ. ಕೂಸುಗಳಿಗೆ ಒಂದು ಕೋಣೆ, ನೋಡಿಕೊಳ್ಳಲು ಒಬ್ಬ ಅಜ್ಜಿ, ಆಕೆಗೆ ದಿನದ ಕೂಲಿ, ಇಷ್ಟನ್ನು ಯಾವ ತೋಟದವರು ವಹಿಸಿಕೊಳ್ಳುತ್ತಾರೆಂದು ಅದೇ ಪುಸ್ತಕದಲ್ಲಿ ಬರೆಯಲಿ. ಕುಯ್ಲು ಶುರುವಾದ ಮೇಲೆ ನಾವು ಈ ಕಡೆ ಬಂದಾಗ ಆ ಪುಸ್ತಕವನ್ನು ತರಿಸಿ ನೋಡುತ್ತೇವೆ.